ಸಂಘದ ವೆಬ್‌ಸೈಟಿಗೆ ಸಿಎಂಎಸ್: ಗುಮಾಸ್ತೆ ಪಾಸ್ ಮಾಡಿದ್ದೇ ಪಾಸು

ಉಡುಪಿಯ ನಮ್ಮ ಸಹಕಾರಿ ಸಂಘದ ಸೈಟು ವರ್ಡ್‌ಪ್ರೆಸ್‌ಗೆ ಬಂದು ಎರಡು ಮಳೆಗಾಲ ಕಳೆಯಿತು. ಅದು ಪುಕ್ಕಟೆ ಸಿಗುವ ಒಂದು ಸಿಎಂಎಸ್, ಅಂದರೆ ಕೋಡ್ ಗೊತ್ತಿಲ್ಲದವರೂ ಸೈಟಿನ ಪುಟ ತಿದ್ದಲು ಆಗುವ ತಂತ್ರಾಂಶ. ಬಡ್ಡಿ ದರ ಬದಲಾದ ದಿನವೇ ಸೈಟಿನಲ್ಲೂ ಬದಲಾಗುತ್ತದೆ, ನನಗೆ ಫೋನ್ ಬರುವುದಿಲ್ಲ. "ಪುಕ್ಕಟೆ ಸಿಗುವುದನ್ನು ನಂಬಿ ಸಂಘ ನಡೆಸ್ಲಿಕ್ಕೆ ಆಗ್ತದಾ ಮಾರಾಯ್ರೆ?" ಎಂದು ಕೇಳಿದ್ದ ನಿರ್ದೇಶಕರು ಈಗ ಸುಮ್ಮನಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಒಂದು ಕಂಪನಿಯ ಸ್ವಂತ ವ್ಯವಸ್ಥೆ. ವರ್ಷಕ್ಕೆ 35 ಸಾವಿರದ ಹತ್ತಿರ ಹೋಗುತ್ತಿತ್ತು. ಒಂದು ನೋಟಿಸ್ ಹಾಕಲು ಮೇಲ್ ಕಳಿಸಿ ಕಾಯಬೇಕು. ಬಿಡುತ್ತೇವೆ ಎಂದಾಗ ಡೇಟಾ ಕೊಡಲಿಲ್ಲ, ಪುಟಪುಟವಾಗಿ ಕಾಪಿ ಮಾಡಿಕೊಂಡೆವು. ಹಾಗಾಗಿ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ) ಬೇಕೆನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಯಾವುದು ಎನ್ನುವುದೇ ಜಗಳ.

ಐಟಿಯ ಗೆಳೆಯರು ಎಕ್ಸೆಲ್‌ನಲ್ಲಿ ಇಂಥ ಸಿಎಂಎಸ್‌ಗಳ ದೊಡ್ಡ ಪಟ್ಟಿ ಮಾಡಿ ಅಂಕ ಕೊಟ್ಟರು. ಡ್ರೂಪಲ್ ಗೆದ್ದಿತು. ನಾನು ಆ ಪಟ್ಟಿ ಬದಿಗಿಟ್ಟೆ. ಜೂಮ್ಲಾ, ಡ್ರೂಪಲ್, ವರ್ಡ್‌ಪ್ರೆಸ್ ಈ ಮೂರರ ಡೆಮೊ ಹಾಕಿ ಕಚೇರಿಯ ಗುಮಾಸ್ತೆಯನ್ನು ಕೂರಿಸಿದೆ. ಬಡ್ಡಿ ದರ ತಿದ್ದಬೇಕು, ಮಹಾಸಭೆಯ ನೋಟಿಸ್ ಹಾಕಬೇಕು, ಫೋನಿನಿಂದ ಫೋಟೊ ಏರಿಸಬೇಕು. ನಾನು ಬಾಯಿ ಬಿಡುವಂತಿಲ್ಲ.

ಜೂಮ್ಲಾದಲ್ಲಿ ನೋಟಿಸ್ ಬರೆದರು, ಸೇವ್ ಕೊಟ್ಟರು, ಪಬ್ಲಿಷ್ ಆಗಿದೆ ಎಂದೂ ತೋರಿಸಿತು. ಸೈಟಿನಲ್ಲಿ ಮಾತ್ರ ಇಲ್ಲ. ಬರಹಕ್ಕೆ ದಾರಿ ತೋರಿಸುವ ಮೆನು ಐಟಂ ಬೇರೆ ಮಾಡಬೇಕಲ್ವಾ! "ಸರ್, ನಾನು ಬರೆದದ್ದು ಎಲ್ಲಿ ಹೋಯ್ತು?" ಅಲ್ಲಿಗೆ ಜೂಮ್ಲಾ ಮುಗಿಯಿತು.

ಡ್ರೂಪಲ್ ಬಗ್ಗೆ ನನಗೆ ಗೌರವ ಉಂಟು. 8ನೇ ಆವೃತ್ತಿಯಿಂದ ಬಹುಭಾಷೆಯ ಸೌಲಭ್ಯ ಮೂಲ ತಂತ್ರಾಂಶದಲ್ಲೇ ಇದೆ. ಆದರೆ ಅಪ್‌ಡೇಟಿಗೆ ಬೇಕಾದ ಕೋಡ್ ತಂದು ಜೋಡಿಸುವ ಕಂಪೋಸರ್ ಎಂಬ ಉಪಕರಣ ಬೇಕು, ನಮ್ಮ ಅಗ್ಗದ ಹೋಸ್ಟಿಂಗ್‌ನಲ್ಲಿ ಅದು ಮೆಮೊರಿ ಸಾಲದೆ ಅರ್ಧಕ್ಕೇ ನಿಲ್ಲುತ್ತಿತ್ತು. ಹಳೆಯ ಆವೃತ್ತಿಯ ಪಾಡೂ ನೋಡಿ. 2011ರಲ್ಲಿ ಬಂದ ಡ್ರೂಪಲ್ 7ಕ್ಕೆ 2025ರ ಜನವರಿ 5ರಂದು ಬೆಂಬಲ ನಿಂತಿತು. ಅದರಿಂದ ಮೇಲೇರುವುದೆಂದರೆ ಸೈಟನ್ನೇ ಮತ್ತೆ ಕಟ್ಟಿದ ಹಾಗೆ. ಅಂಥ ಕೆಲಸಕ್ಕೆ ಮಂಗಳೂರಿನಲ್ಲಿ ಒಬ್ಬರು ಹೇಳಿದ ರೇಟು 80 ಸಾವಿರ ಚಿಲ್ಲರೆ.

ವರ್ಡ್‌ಪ್ರೆಸ್‌ನಲ್ಲಿ ಮೂರೂ ಕೆಲಸ ಚಹಾ ಬರುವುದರೊಳಗೆ ಮುಗಿದವು. ಬಡ್ಡಿ ಪಟ್ಟಿಯನ್ನು ಸಿಂಕ್ಡ್ ಪ್ಯಾಟರ್ನ್ ಮಾಡಿಟ್ಟಿದ್ದೆ. ಒಂದು ಕಡೆ ತಿದ್ದಿದರೆ ಎಲ್ಲ ಪುಟದಲ್ಲೂ ಬದಲು. ಫೋಟೊ ಎಷ್ಟು ದೊಡ್ಡದಿದ್ದರೂ 5.3ನೇ ಆವೃತ್ತಿಯಿಂದೀಚೆ ವರ್ಡ್‌ಪ್ರೆಸ್ ತಾನೇ 2560 ಪಿಕ್ಸೆಲ್‌ಗೆ ಇಳಿಸಿಕೊಳ್ಳುತ್ತದೆ.

ನಿಜವಾದ ತಲೆನೋವು ಕನ್ನಡದ್ದು. ಹಳೆಯ ನೋಟಿಸ್‌ಗಳೆಲ್ಲ ನುಡಿ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿದ್ದವು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ್ದು. ಪೇಸ್ಟ್ ಮಾಡಿದರೆ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಸಂತೆ. ಕನ್ವರ್ಟರ್ ಹಾಕಿದರೂ ಒತ್ತಕ್ಷರ ಅಲ್ಲಲ್ಲಿ ಕೆಡುತ್ತದೆ, ಕಣ್ಣಿಟ್ಟು ಓದಬೇಕು. ಹೊಸದನ್ನು ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತಾರೆ. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಹಳೆಯ ನುಡಿ, ಹೊಸ ಯೂನಿಕೋಡ್ ಎರಡರಲ್ಲೂ ಇರುವುದರಿಂದ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ.

ಇನ್ನೊಂದು, ಪುಟದ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಒಳಗೆ ಒಂದೊಂದು ಕನ್ನಡ ಚಿಹ್ನೆಗೂ 9 ಅಕ್ಷರದ ಜಾಗ ಬೇಕು, ಇರುವ ಮಿತಿ 200. ಸುಮಾರು 22 ಚಿಹ್ನೆಗೆ ಕತ್ತರಿ ಬೀಳುತ್ತದೆ, ಗುಣಿತ, ಒತ್ತು ಎಲ್ಲ ಲೆಕ್ಕಕ್ಕೆ ಸೇರಿ. ವಾಟ್ಸ್ಆ್ಯಪ್‌ನಲ್ಲಿ ಹಂಚಿದರೆ ಪರ್ಸೆಂಟ್ ಚಿಹ್ನೆಗಳ ಉದ್ದ ಬಾಲ ಬೇರೆ. ನೋಟಿಸ್‌ಗಳಿಗೆ ತನ್ನಿಂತಾನೇ ಚಿಕ್ಕ ಇಂಗ್ಲಿಷ್ ವಿಳಾಸ ಬೀಳುವ ಹಾಗೆ ನಾಲ್ಕು ಸಾಲು ಕೋಡ್ ಬರೆದಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಪುಟಗಳನ್ನು ಮೊದಲೇ ಸಿದ್ಧ ಮಾಡಿಡುವ ಹ್ಯೂಗೊ ಎಂಬ ತಂತ್ರಾಂಶದಲ್ಲೂ ಒಂದು ಸೈಟು ಕಟ್ಟಿ ನೋಡಿದೆ. ವೇಗ ಅಂದರೆ ವೇಗ! ಆದರೆ ಗುಮಾಸ್ತೆಗೆ ಗಿಟ್ (ಕಡತಗಳ ಬದಲಾವಣೆಯ ಲೆಕ್ಕ ಇಡುವ ಉಪಕರಣ) ಕಲಿಸುವವರು ಯಾರು? ಒಂದು ತುಳು ಪುಟವನ್ನೂ ಮಾಡಿದೆ. 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ಕ್ಕೆ ತುಳು-ತಿಗಳಾರಿ ಲಿಪಿ ಸೇರಿದೆಯಾದರೂ ಪರೀಕ್ಷೆಗೆ ತೆಗೆದುಕೊಂಡ ಫೋನುಗಳಲ್ಲಿ ಬರೀ ಡಬ್ಬಿಗಳು ಕಂಡವು. ಸದ್ಯ ಕನ್ನಡ ಲಿಪಿಯಲ್ಲೇ ತುಳು.

ಈಗ ಹೋಸ್ಟಿಂಗ್, ಡೊಮೈನ್ ಸೇರಿ ವರ್ಷಕ್ಕೆ ಆರೇಳು ಸಾವಿರ. ಹ್ಯಾಕ್ ಆಗುತ್ತದೆ ಎಂದು ಹೆದರಿಸಿದವರು ಬಹಳ. ವರ್ಡ್‌ಪ್ರೆಸ್‌ನಲ್ಲಿ ತೂತು ಜಾಸ್ತಿ ಬೀಳುವುದು ಪ್ಲಗಿನ್‌ಗಳಲ್ಲಿ, ಅಂದರೆ ಮೇಲಿಂದ ಸೇರಿಸುವ ಹೆಚ್ಚುವರಿ ತುಣುಕುಗಳಲ್ಲಿ. ಅದಕ್ಕೇ ಐದಾರಕ್ಕಿಂತ ಹೆಚ್ಚು ಇಟ್ಟಿಲ್ಲ, ಪುಟ ವಿನ್ಯಾಸಕ್ಕೆ ಹಾಕುವ ಪೇಜ್ ಬಿಲ್ಡರ್ ಪ್ಲಗಿನ್ನನ್ನು ಒಳಗೆ ಬಿಟ್ಟಿಲ್ಲ. ಸದಸ್ಯರ ಖಾತೆ ವಿವರವಂತೂ ಸೈಟಿನಲ್ಲಿ ಇಲ್ಲವೇ ಇಲ್ಲ.

ಹಳೆಯ ವಾರ್ಷಿಕ ವರದಿಗಳನ್ನು ನುಡಿಯಿಂದ ಯೂನಿಕೋಡಿಗೆ ತರುವ ಕೆಲಸ ಬಾಕಿ ಉಂಟು. ಅದಕ್ಕೆ ಗುಮಾಸ್ತೆ ಈಗಲೇ ಓವರ್‌ಟೈಮ್ ಕೇಳಿದ್ದಾರೆ. ಉಳಿದ ದುಡ್ಡಿನಲ್ಲಿ ಕೊಡಿ ಎಂದು ಆಡಳಿತ ಮಂಡಳಿಗೆ ಬರೆದಿದ್ದೇನೆ.