ಸ್ಕಾರ್ಲೆಟ್ ಬಾಡಿಸ್‌ಗೆ ತಾನಾಗಿ ಮೊಯಿನಾ ಬಿಡುವ ಡಬ್ಬಿ: ನನ್ನ ಅನುಭವ

ಅಕ್ವೇರಿಯಂನ ಪುಟ್ಟ ಮೀನು ಸ್ಕಾರ್ಲೆಟ್ ಬಾಡಿಸ್ ಸಾಕಿದವರಿಗೆ ಅದರ ಹಟ ಗೊತ್ತೇ ಇದೆ. ಪೆಲೆಟ್ ಪುಡಿ ಮಾಡಿ ಹಾಕಿ, ಫ್ಲೇಕ್ ನೆನೆಸಿ ಹಾಕಿ, ಹತ್ತಿರ ಬಂದು ನೋಡಿ ಸುಮ್ನೆ ತಿರುಗಿ ಹೋಗುತ್ತದೆ. ಎದುರಿಗೆ ಏನಾದರೂ ಮಿಸುಕಾಡಬೇಕು, ಆಗಲೇ ಅದಕ್ಕೆ ಹಸಿವು. ಎರಡು ಸೆಂಟಿಮೀಟರ್ ಮೀನು, ಸಣ್ಣ ಹೊಟ್ಟೆ, ದಿನಕ್ಕೆ ಎರಡು ಮೂರು ಸಲ ಜೀವಂತ ಆಹಾರ ಬೇಕು. ಮನೆಯಲ್ಲೇ ಇರುವವರು ಕೊಡಬಹುದು. ಬೆಳಗ್ಗೆ ಬೆಂಗಳೂರಿನ ಟ್ರಾಫಿಕ್ಕಿಗೆ ಇಳಿದು ರಾತ್ರಿ ಮನೆ ಸೇರುವವರು ಏನು ಮಾಡಬೇಕು? ದೀಪಾವಳಿಗೆ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ?

ಟ್ಯಾಂಕಿಗೆ ತಾನೇ ಮೊಯಿನಾ (ನೀರಿನಲ್ಲಿ ಈಜಾಡುವ ತೀರಾ ಸಣ್ಣ ಜೀವಿ, ನೀರುಚಿಗಟ) ಬಿಡುವ ಡಬ್ಬಿ ಮಾಡುತ್ತೇನೆ ಎಂದಾಗ ಮೀನು ಸಾಕುವ ಗೆಳೆಯರು ಯಾರೂ ನಂಬಲಿಲ್ಲ. "ಅಷ್ಟು ಸಣ್ಣ ಡಬ್ಬಿಯಲ್ಲಿ ಮೊಯಿನಾ ನಿಲ್ಲಲ್ಲ ಮಾರಾಯ, ಎರಡು ದಿನಕ್ಕೆ ಕ್ರ್ಯಾಶ್ ಆಗುತ್ತೆ, ಎಲ್ಲ ಒಟ್ಟಿಗೆ ಸಾಯುತ್ತೆ" ಎಂದರು. ಈಗ ವರ್ಷದ ಮೇಲಾಯಿತು, ಡಬ್ಬಿ ನಡೆಯುತ್ತಲೇ ಇದೆ. ಹಾಗೆ ಹೇಳಿದವರಲ್ಲೇ ಇಬ್ಬರು ನನ್ನ ಕೈಯಲ್ಲಿ ಮಾಡಿಸಿಕೊಂಡು ಹೋಗಿದ್ದಾರೆ.

ಇದಕ್ಕೆ ಮುಂಚೆ ದುಡ್ಡು ಹೋದ ಲೆಕ್ಕ ಹೇಳಬೇಕು. ಮೊದಲು ಆರ್ಟೀಮಿಯಾ, ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ. ಮೊಟ್ಟೆಯ ಡಬ್ಬಿಗಳಿಗೇ ಮೂರು ಸಾವಿರದ ಹತ್ತಿರ ಸುರಿದಿರಬೇಕು. ಬೇಸಿಗೆಯಲ್ಲಿ ಒಂದು ದಿನಕ್ಕೆಲ್ಲ ಮರಿ ಬರುತ್ತದೆ. ಡಿಸೆಂಬರ್ ಚಳಿಯಲ್ಲಿ ಎರಡು ದಿನವಾದರೂ ಅರ್ಧ ಮೊಟ್ಟೆ ಹಾಗೇ ಕೂತಿರುತ್ತದೆ. ಪ್ರತಿ ಸಲ ಉಪ್ಪುನೀರು ಮಾಡಬೇಕು, ಮರಿ ಸೋಸಬೇಕು, ತೊಳೆಯಬೇಕು. ಸಿಹಿನೀರಿಗೆ ಬಿದ್ದ ಮರಿ ಕೆಲವು ಗಂಟೆಗಳಲ್ಲಿ ಸಾಯುತ್ತದೆ, ಆಮೇಲೆ ತಳದಲ್ಲಿ ಕೊಳೆಯುತ್ತದೆ. ಇದನ್ನು ಯಂತ್ರಕ್ಕೆ ಒಪ್ಪಿಸುವುದು ಹೇಗೆ? ಟ್ಯೂಬಿಫೆಕ್ಸ್ ಹುಳವನ್ನೂ ಒಂದು ಅಂಗಡಿಯಿಂದ ತಂದಿದ್ದೆ. ಚರಂಡಿ ಕೆಸರಲ್ಲಿ ಬೆಳೆದದ್ದು, ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಒಂದು ವಾರದೊಳಗೆ ಮೂರ್ನಾಲ್ಕು ಮೀನು ಹೊಟ್ಟೆ ಊದಿ ಸತ್ತವು. ಆಮೇಲೆ ಆ ಕಡೆ ತಲೆ ಹಾಕಿಲ್ಲ.

ಮೊಯಿನಾ ಸಿಹಿನೀರಿನದ್ದು. ಟ್ಯಾಂಕಿಗೆ ಬಿದ್ದರೂ ಬದುಕಿರುತ್ತದೆ, ಮೀನು ತನಗೆ ಬೇಕಾದಾಗ ಹಿಡಿದು ತಿನ್ನುತ್ತದೆ. ಹಾಗಾಗಿ ಮೊಯಿನಾವನ್ನೇ ಹನಿಹನಿಯಾಗಿ ಬಿಡೋಣ ಎಂದು ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ಡ್ರಿಪ್ ಸೆಟ್ ತಂದೆ. ಮೂವತ್ತು ರೂಪಾಯಿಯೋ ಏನೋ. ಹನಿ ಬೀಳುವ ಚೇಂಬರಿನ ತಳದಲ್ಲಿ ತೀರಾ ಸಣ್ಣ ಫಿಲ್ಟರ್ ಇರುತ್ತದೆ, ಮೊದಲು ಅದನ್ನು ಕಿತ್ತು ಹಾಕಿದೆ. ಆದರೂ ಒಂದು ಗಂಟೆಯೊಳಗೆ ಹನಿ ನಿಂತಿತು. ಹೊಸ ಸೆಟ್ ಹಾಕಿದೆ, ಮತ್ತೆ ಅದೇ ಕಥೆ. ಟಾರ್ಚ್ ಹಿಡಿದು ನೋಡಿದಾಗ ಕಾರಣ ಕಂಡಿತು. ಹರಿವು ಕಡಿಮೆ ಮಾಡಲು ಗಾಲಿ ತಿರುಗಿಸಿದರೆ ಅದು ಪೈಪನ್ನೇ ಒತ್ತಿ ಹಿಡಿಯುತ್ತದೆ. ಒಳಗೆ ಉಳಿಯುವ ಸಂದು ಮೊಯಿನಾದ ಮೈಗಿಂತ ಸಣ್ಣದು. ಅಲ್ಲಿ ಒಂದರ ಹಿಂದೆ ಒಂದು ಸಿಕ್ಕಿಕೊಂಡು ನಸುಗೆಂಪು ಬೆಣೆಯ ಹಾಗೆ ಕೂತಿದ್ದವು.

ಹನಿ ಹನಿ ಬಿಡಬೇಕೆಂದರೆ ದಾರಿ ಸಣ್ಣದಾಗಲೇಬೇಕು. ದಾರಿ ಸಣ್ಣದಾದರೆ ಕಟ್ಟಿಕೊಳ್ಳಲೇಬೇಕು. ಹಾಗಾದರೆ ದಾರಿ ದೊಡ್ಡದಿರಲಿ, ಹೊತ್ತು ಕಡಿಮೆ ಮಾಡೋಣ. ಇಡೀ ಡಬ್ಬಿ ನಿಂತಿರುವುದು ಈ ಒಂದು ಲೆಕ್ಕದ ಮೇಲೆ.

ಈಗಿನದು ಹೀಗಿದೆ. ಅಡುಗೆಮನೆಯ ಒಂದೂವರೆ ಲೀಟರ್ ಪ್ಲಾಸ್ಟಿಕ್ ಡಬ್ಬಿ, ಟ್ಯಾಂಕಿನ ಒಳಗಡೆ ಅಂಚಿಗೆ ತೂಗುಹಾಕಿದ್ದೇನೆ. ಟ್ಯಾಂಕಿನ ಮೂಲೆಯಲ್ಲಿ ಗಾಳಿಗುಳ್ಳೆಯಿಂದ ನೀರು ಮೇಲೆತ್ತುವ ಏರ್‌ಲಿಫ್ಟ್ ಇದೆ. ಬೆರಳಿಗಿಂತ ಸ್ವಲ್ಪ ಸಣ್ಣ ಪೈಪು, ಅದರ ಬುಡಕ್ಕೆ ಏರ್ ಪಂಪಿನ ಟ್ಯೂಬ್. ಪಂಪ್ ಓಡಿದಾಗ ಟ್ಯಾಂಕಿನ ನೀರು ಡಬ್ಬಿಗೆ ಏರುತ್ತದೆ, ಡಬ್ಬಿಯ ಇನ್ನೊಂದು ತುದಿಯ ಸೀಳಿನಿಂದ ಮೊಯಿನಾ ಹೊತ್ತುಕೊಂಡು ಟ್ಯಾಂಕಿಗೇ ವಾಪಸ್ ಬೀಳುತ್ತದೆ. ಪಂಪ್ ನಿಂತರೆ ಎಲ್ಲವೂ ನಿಂತಂತೆ. ನೀರು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮೊದಲ ಡಬ್ಬಿ ಟ್ಯಾಂಕಿನ ಹೊರಗಡೆ ನೇತಾಡುತ್ತಿತ್ತು. ಒಂದು ರಾತ್ರಿ ಸೀಳು ಕಟ್ಟಿಕೊಂಡು ನೀರೆಲ್ಲ ಹಾಲ್‌ಗೆ ಹರಿಯಿತು. ಒಳಗೆ ತೂಗುಹಾಕಿದರೆ ಎಷ್ಟು ತುಳುಕಿದರೂ ನೀರು ಟ್ಯಾಂಕಿಗೇ ಬೀಳುತ್ತದೆ.

ಪಂಪನ್ನು ಇಡೀ ದಿನ ಓಡಿಸಬೇಡಿ. ನಾನು ಓಡಿಸಿ ನೋಡಿದೆ, ಬೆಳಗಾಗುವಷ್ಟರಲ್ಲಿ ಡಬ್ಬಿ ಖಾಲಿ, ಮೀನಿನ ಹೊಟ್ಟೆಗಳು ಬಟಾಣಿಯಂತೆ ದುಂಡಗೆ. ಟೈಮರ್ ಬೇಕೇ ಬೇಕು. ತಿರುಗುವ ಚಕ್ರದ ಅಗ್ಗದ ಟೈಮರಿನಲ್ಲಿ ಕನಿಷ್ಠ 15 ನಿಮಿಷ, ನಮಗೆ ಅಷ್ಟೇ ಸಾಕು. ದಿನಕ್ಕೆ ಮೂರು ಸಲ. ನಿಮಿಷಕ್ಕೆ ಒಂದು ಲೋಟಕ್ಕಿಂತ ಕಡಿಮೆ ನೀರು ಏರುವ ಹಾಗೆ ಗಾಳಿ ಇಳಿಸಿಕೊಳ್ಳಿ. ಒಂದು ತೊಂದರೆ ಇದೆ. ಕರೆಂಟ್ ಹೋದಾಗ ಚಕ್ರವೂ ನಿಲ್ಲುತ್ತದೆ. ಮಳೆಗಾಲದಲ್ಲಿ ನನ್ನ ಮಧ್ಯಾಹ್ನದ ಊಟ ಜಾರಿ ಜಾರಿ ರಾತ್ರಿಗೆ ಹೋಯಿತು. ಆಮೇಲೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿದೆ.

ಸೀಳಿನ ಮುಂದೆ ಜಾಲರಿ ಹಾಕುವುದೇ ಇದರಲ್ಲಿ ನಿಜವಾದ ಕೆಲಸ. ಸೊಳ್ಳೆಪರದೆ ಹಾಕಿದರೆ ದೊಡ್ಡದು ಸಣ್ಣದು ಎಲ್ಲ ಆಚೆ ಹೋಗುತ್ತದೆ. ಹಳೆ ನೈಲಾನ್ ದುಪಟ್ಟಾ ಎರಡು ದಿನಕ್ಕೆ ಲೋಳೆ ಕಟ್ಟಿತು. ಕೊನೆಗೆ ಟೀ ಸೋಸುವ ಸ್ಟೀಲ್ ಜಾಲರಿ ಸರಿಹೋಯಿತು. ತಾಯಿ ಮೊಯಿನಾ ಒಳಗೇ ಉಳಿಯುತ್ತದೆ, ಮರಿ ಮಾತ್ರ ಆಚೆ ಹೋಗುತ್ತದೆ. ಬಾಡಿಸ್ ಬಾಯಿಗೂ ಮರಿಯೇ ಸರಿ ಅಲ್ವಾ? ಜಾಲರಿ ನೇರ ನಿಲ್ಲಿಸಬೇಡಿ, ತಾಯಂದಿರೆಲ್ಲ ಅದಕ್ಕೆ ಅಂಟಿಕೊಂಡು ಸಾಯುತ್ತವೆ. ಓರೆಯಾಗಿ ಕೂರಿಸಿ, ಆದಷ್ಟು ಅಗಲ ಇರಲಿ. ಡಬ್ಬಿಯೊಳಗೆ ಗುಳ್ಳೆ ಬಿಡುವ ಏರ್ ಸ್ಟೋನ್ ಕೂಡ ಬೇಡ. ಸಣ್ಣ ಗುಳ್ಳೆ ಚಿಪ್ಪಿನೊಳಗೆ ಸಿಕ್ಕಿಕೊಂಡರೆ ಮೊಯಿನಾ ಮೇಲಕ್ಕೆ ತೇಲಿ ಅಲ್ಲೇ ಒದ್ದಾಡುತ್ತದೆ. ನೀರು ಬೀಳುವ ಕಡೆ ಒಂದು ತುಂಡು ಸ್ಪಾಂಜ್ ಅಡ್ಡ ಇಟ್ಟರೆ ಗುಳ್ಳೆ ಅಲ್ಲೇ ಒಡೆಯುತ್ತದೆ.

ಮೊಯಿನಾ ಮಂದ ಬೆಳಕಿನ ಕಡೆ ಬರುತ್ತದೆ. ಸೀಳಿನ ಮೇಲೆ ಸಣ್ಣ ಎಲ್‌ಇಡಿ ಇಟ್ಟು, ಪಂಪ್‌ಗಿಂತ ಸ್ವಲ್ಪ ಮುಂಚೆ ಅದು ಹತ್ತುವಂತೆ ಮಾಡಿದ್ದೇನೆ. ಬಣ್ಣ ಯಾವುದು, ಎಷ್ಟು ಹೊತ್ತು ಮುಂಚೆ ಎನ್ನುವುದನ್ನು ನೀವೇ ಹಾಕಿ ನೋಡಿ. ಅದು ಕಂಡುಕೊಳ್ಳಲು ನನಗೆ ತಿಂಗಳುಗಳೇ ಹಿಡಿದವು, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈಗ ದೀಪ ಹತ್ತಿದ ಕೂಡಲೇ ಗಂಡು ಬಾಡಿಸ್ ಸೀಳಿನ ಕೆಳಗೆ ಬಂದು ನಿಲ್ಲುತ್ತದೆ. ಮೈಮೇಲಿನ ಕೆಂಪು ಪಟ್ಟಿ ಗಾಢವಾಗುತ್ತದೆ. ತಲೆ ಸ್ವಲ್ಪ ಓರೆ ಮಾಡಿ ಒಂದೇ ಮರಿಯ ಮೇಲೆ ಕಣ್ಣಿಟ್ಟು, ಬಾಲ ಬಗ್ಗಿಸಿ, ಟಕ್ ಎಂದು ಎಳೆದುಕೊಳ್ಳುತ್ತದೆ. ಈ ಮೀನನ್ನು 1822ರಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಬುಕಾನನ್ ಎಂಬ ವೈದ್ಯ ಇವನೇ, ಹ್ಯಾಮಿಲ್ಟನ್ ಆಮೇಲೆ ಸೇರಿಸಿಕೊಂಡ ಹೆಸರು. ನಮ್ಮ ಹೊಲ ಗದ್ದೆ ಕೆರೆಗಳ ಬಗ್ಗೆ ಅಷ್ಟೊಂದು ಬರೆದವನು ಈ ಮೀನನ್ನೂ ನೋಡಿದ್ದ ಎಂದು ತಿಳಿದಾಗ ತುಂಬಾ ಖುಷಿಯಾಯಿತು.

ಕ್ರ್ಯಾಶ್ ಯಾಕೆ ಆಗಲ್ಲ ಎಂದು ಎಲ್ಲರೂ ಕೇಳುತ್ತಾರೆ. ಡಬ್ಬಿಯನ್ನು ನಾನು ಫಾರ್ಮ್ ಮಾಡಿಕೊಂಡಿಲ್ಲ. ಮೊಯಿನಾ ಬೆಳೆಸುವ ತಾಯಿ ಕಲ್ಚರ್ ತಾರಸಿಯ ಟಬ್ಬುಗಳಲ್ಲಿದೆ, ಒಂದು ಬಿದ್ದರೆ ಇನ್ನೊಂದು ಇರಲಿ ಎಂದು ಎರಡು. ಡಬ್ಬಿಗೆ ವಾರಕ್ಕೊಮ್ಮೆ ಒಂದು ನೆಟ್ ತುಂಬಾ ಹಾಕುತ್ತೇನೆ. ದಿನಕ್ಕೆ ಮೂರು ಸಲ ಹೊಸ ನೀರು ಬರುವುದರಿಂದ ಒಳಗೆ ಏನೂ ಕೊಳೆಯುವುದಿಲ್ಲ. ಟಬ್ಬಿಗೆ ಪಾಚಿ ಬೆಳೆದ ಹಸಿರು ನೀರು, ಚಿಟಿಕೆ ಈಸ್ಟ್, ಇನ್ನೊಂದು ಅಡುಗೆಮನೆಯ ಪುಡಿ. ಆ ಪುಡಿಯ ಹೆಸರು ಹೇಳುವುದಿಲ್ಲ. ಕಾವೇರಿ ನೀರನ್ನು ನಲ್ಲಿಯಿಂದ ನೇರ ಹಾಕಬೇಡಿ, ಕ್ಲೋರಿನ್‌ಗೆ ಎಲ್ಲ ಸಾಯುತ್ತವೆ. ಟಬ್ಬಿಗೆ ಪರದೆ ಕಟ್ಟಲೇಬೇಕು. ಸೊಳ್ಳೆ ಮರಿಯೂ ಒಳ್ಳೆ ಆಹಾರ, ಅದನ್ನೂ ಬೆಳೆಸೋಣ ಎಂದುಕೊಂಡಿದ್ದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ದಂಡ ಇಲ್ಲದಿದ್ದರೂ ಅಕ್ಕಪಕ್ಕದಲ್ಲಿ ಮಕ್ಕಳಿರುವಾಗ ಅದು ಬೇಡ.

ಖರ್ಚು ನೆನಪಿನಿಂದ ಹೇಳುತ್ತೇನೆ. ಪಂಪ್ ಮುನ್ನೂರು, ಡಿಜಿಟಲ್ ಟೈಮರ್ ಏಳುನೂರು, ಡಬ್ಬಿ, ಪೈಪು, ಜಾಲರಿ, ಎಲ್‌ಇಡಿ ಎಲ್ಲ ಸೇರಿ ಇನ್ನೂರೈವತ್ತು. ಆರ್ಟೀಮಿಯಾಕ್ಕೆ ಹೋದದ್ದರ ಅರ್ಧವೂ ಇಲ್ಲ. ಕಳೆದ ದೀಪಾವಳಿಗೆ ಐದಾರು ದಿನ ಊರಲ್ಲಿದ್ದೆ. ವಾಪಸ್ ಬಂದಾಗ ಒಂದು ಮೀನೂ ಸೊರಗಿರಲಿಲ್ಲ, ಜಾವಾ ಮಾಸ್ ಗಿಡದ ಒಳಗೆ ಬಾಡಿಸ್ ಮರಿಗಳೂ ಕಂಡವು.

ಅದೇ ಡಬ್ಬಿಯನ್ನು ಪೀ ಪಫರ್ ಟ್ಯಾಂಕಿಗೂ ಹಾಕಿ ನೋಡಿದೆ. ಕೇರಳದ ಈ ಪುಟಾಣಿ ಮೀನು ಮೊಯಿನಾ ತಿನ್ನುತ್ತದೆ, ಆದರೆ ಅದಕ್ಕೆ ಬಸವನಹುಳು ಕೂಡ ಬೇಕು. ಈಗ ಅದೇ ಡಬ್ಬಿಯಲ್ಲಿ ಮೊಯಿನಾ ಜೊತೆಗೆ ಸಣ್ಣ ಬಸವನಹುಳು ಬೆಳೆಸುತ್ತಿದ್ದೇನೆ. ಅವು ಗೋಡೆಯ ಪಾಚಿ ತಿಂದು ಡಬ್ಬಿ ಸ್ವಚ್ಛ ಇಡುತ್ತವೆ, ಮರಿಗಳು ಸೀಳಿನಿಂದ ಕೆಳಗೆ ಬೀಳಬೇಕು. ಇನ್ನೂ ಬೇಕಾದಷ್ಟು ಬೀಳುತ್ತಿಲ್ಲ. ಜಾಲರಿ ಒಂದು ಕಡೆ ಸ್ವಲ್ಪ ಕತ್ತರಿಸಿ ನೋಡುತ್ತಿದ್ದೇನೆ.