ಮೇಲೆ ಹೋದ ರಾಕೆಟ್ ವಾಪಸ್ ಬರಬೇಕಾದರೆ

ರಾಕೆಟ್ ಎಂದರೆ ಎಷ್ಟು ಭಾರ ಹೊತ್ತು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದೇ ನಾವು ಕೇಳುವುದು. ಮರಳಿ ಬಳಸುವ ರಾಕೆಟ್ಟಿನ ಲೆಕ್ಕ ಮಾತ್ರ ತಲೆಕೆಳಗು. ಇಳಿಯುವ ಕೊನೆಯ ಕೆಲವು ಸೆಕೆಂಡುಗಳನ್ನು ಮೊದಲು ಕೂರಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಬರಬೇಕು.

ಮೊದಲು, ಯಾವ ಭಾಗ ವಾಪಸ್ ಬೇಕು ಎಂದು ತೀರ್ಮಾನಿಸಿ. ಸ್ಪೇಸ್‌ಎಕ್ಸ್ ಕಂಪನಿಯ ಎರಡು ಹಂತಗಳ ರಾಕೆಟ್ ಫಾಲ್ಕನ್ 9ರ ಹತ್ತು ಎಂಜಿನ್‌ಗಳಲ್ಲಿ ಒಂಬತ್ತು ಕೆಳಗಿನ ಹಂತದಲ್ಲೇ ಇವೆ. ದುಡ್ಡು ಇರುವುದೂ ಹೆಚ್ಚಾಗಿ ಅಲ್ಲೇ. ಆ ಹಂತ ಕಳಚಿಕೊಳ್ಳುವಾಗಿನ ವೇಗ ಸೆಕೆಂಡಿಗೆ ಸುಮಾರು 2 ಕಿ.ಮೀ.; ಕಕ್ಷೆ ಸೇರುವ ಮೇಲಿನ ಹಂತದ್ದು 7.8 ಕಿ.ಮೀ. ಸುಮಾರು ನಾಲ್ಕು ಪಟ್ಟು ವೇಗವೆಂದರೆ ಪ್ರತಿ ಕಿಲೋಗೆ ಸುಮಾರು ಹದಿನೈದು ಪಟ್ಟು ಚಲನಶಕ್ತಿ. ವಾಪಸ್ ಬರುವಾಗ ಅದೆಲ್ಲ ಶಾಖವಾಗುತ್ತದೆ. ಸಾಲದ್ದಕ್ಕೆ, ಮೇಲಿನ ಹಂತಕ್ಕೆ ಒಂದು ಕಿಲೋ ಉಷ್ಣಕವಚ ಸೇರಿಸಿದರೆ ಉಪಗ್ರಹದ ಪಾಲಿನಲ್ಲಿ ಪೂರ್ತಿ ಒಂದು ಕಿಲೋ ಖೋತಾ. ಕೆಳಗಿನ ಹಂತದಲ್ಲಿ ಹಲವು ಕಿಲೋ ಸೇರಿಸಿದರೆ ಮಾತ್ರ ಆ ಒಂದು ಕಿಲೋ ನಷ್ಟ. ಹಾಗಾಗಿ ಕೆಳಗಿನದರಿಂದ ಶುರುಮಾಡುವುದೇ ಜಾಣತನ.

ಆಮೇಲೆ ಇಂಧನ ಎತ್ತಿಡಿ. ಬೂಸ್ಟರ್, ಅಂದರೆ ಆ ಕೆಳಗಿನ ಹಂತ, ಮೊದಲು ತಿರುಗಿ ನಿಲ್ಲಬೇಕು. ದಟ್ಟ ಗಾಳಿಗೆ ಇಳಿಯುವಾಗ ಮೂರು ಎಂಜಿನ್ ಉರಿಸಿ ವೇಗ ತಗ್ಗಿಸಬೇಕು, ನೆಲದ ಹತ್ತಿರ ಮತ್ತೆ ಉರಿಸಬೇಕು. ನಡುವೆ ದಿಕ್ಕು ತಿದ್ದುವುದು ಜಾಲರಿಯಂಥ ನಾಲ್ಕು ರೆಕ್ಕೆಗಳ ಕೆಲಸ.

ಕಷ್ಟವಿರುವುದು ಎಂಜಿನ್ನಿನಲ್ಲಿ. ಹೊರಡುವಾಗ ಇಡೀ ರಾಕೆಟ್ 549 ಟನ್. ಇಳಿಯುವ ಬೂಸ್ಟರ್ ಹೆಚ್ಚುಕಡಿಮೆ ಖಾಲಿ ಡಬ್ಬ. ಒಂದೇ ದೊಡ್ಡ ಎಂಜಿನ್ ಇಟ್ಟಿದ್ದರೆ ಅದನ್ನು ಎಷ್ಟು ತಗ್ಗಿಸಿದರೂ ಡಬ್ಬವನ್ನು ಮೇಲಕ್ಕೇ ಎಸೆಯುತ್ತಿತ್ತು. ಅದಕ್ಕೇ ಹಲವು ಸಣ್ಣ ಎಂಜಿನ್‌ಗಳು. ಆದರೂ ಒಂಬತ್ತರಲ್ಲಿ ಒಂದನ್ನೇ, ಅದೂ ಕನಿಷ್ಠ ಮಟ್ಟದಲ್ಲಿ ಉರಿಸಿದರೂ ಅದರ ನೂಕುಬಲ ಬೂಸ್ಟರಿನ ತೂಕವನ್ನು ಮೀರುತ್ತದೆ. ಅಂದರೆ ಗಾಳಿಯಲ್ಲಿ ತೇಲಿ ನಿಂತು, ಜಾಗ ನೋಡಿಕೊಂಡು ಇಳಿಯುವ ಮಾತೇ ಇಲ್ಲ. ಕಾಲು ನೆಲ ಮುಟ್ಟುವುದೂ ವೇಗ ಸೊನ್ನೆಯಾಗುವುದೂ ಒಂದೇ ಕ್ಷಣಕ್ಕೆ ಕೂಡಿಬರಬೇಕು. ಬೇಗ ಉರಿಸಿದರೆ ಮತ್ತೆ ಮೇಲಕ್ಕೆ, ತಡವಾದರೆ ನೆಲಕ್ಕೆ ಅಪ್ಪಳಿಕೆ. 2015ರ ಡಿಸೆಂಬರ್‌ನಲ್ಲಿ ಫಾಲ್ಕನ್ 9ಕ್ಕೆ ಇದು ಮೊದಲ ಸಲ ಕೂಡಿಬಂತು.

ಎಂಜಿನ್ ಮತ್ತೆ ಹೊತ್ತಿಕೊಳ್ಳುವುದೂ ಸಲೀಸಲ್ಲ. 2018ರ ಫೆಬ್ರುವರಿಯಲ್ಲಿ ಮೂರು ಬೂಸ್ಟರ್ ಜೋಡಿಸಿದ ಫಾಲ್ಕನ್ ಹೆವಿಯ ನಡುವಿನ ಬೂಸ್ಟರಿನಲ್ಲಿ ಹೊತ್ತಿಸುವ ದ್ರವ ಸಾಲದೆ, ಇಳಿಯಲು ಉರಿಯಬೇಕಿದ್ದ ಮೂರರಲ್ಲಿ ಎರಡು ಎಂಜಿನ್ ಉರಿಯಲೇ ಇಲ್ಲ. ಅದು ಗಂಟೆಗೆ ಸುಮಾರು 480 ಕಿ.ಮೀ. ವೇಗದಲ್ಲಿ ಸಮುದ್ರಕ್ಕೆ ಬಿತ್ತು. ಟ್ಯಾಂಕಿನಲ್ಲಿ ಇಂಧನವಿದ್ದು ಕಡ್ಡಿ ಗೀರಲು ಆಗದ ಸ್ಥಿತಿ!

ವಾಪಸ್ ಬಂದರೆ ಮುಗಿಯಲಿಲ್ಲ. ಬೇಗ ಮತ್ತೆ ಹಾರಬೇಕು. ನಾಸಾದ ಮರುಬಳಕೆಯ ನೌಕೆ ಬಾಹ್ಯಾಕಾಶ ಷಟಲ್ ಮುಗ್ಗರಿಸಿದ್ದು ಇಲ್ಲೇ ಎಂಬುದು ನನ್ನ ಅನಿಸಿಕೆ. ಅದರ ಮೈಮೇಲೆ ಸುಮಾರು 24,000 ಶಾಖನಿರೋಧಕ ಬಿಲ್ಲೆಗಳಿದ್ದವು, ಪ್ರತಿ ಹಾರಾಟದ ನಂತರ ತಪಾಸಣೆ. ಬೇಗ ಹಾರಲು ಇನ್ನೊಂದು ಅಡ್ಡಿ ಮಸಿ: ಸೀಮೆಎಣ್ಣೆ ಉರಿಸುವ ಎಂಜಿನ್ನಿನಲ್ಲಿ ಅದು ಕಟ್ಟುತ್ತದೆ. ಮೀಥೇನ್ ಕಡೆಗೆ ಹೊಸ ರಾಕೆಟ್‌ಗಳು ವಾಲಿರುವುದಕ್ಕೆ ಅದೂ ಒಂದು ಕಾರಣ.

ಇನ್ನು ಕಾಲುಗಳು. ಮೇಲೆ ಹೋಗುವಾಗ ಅವು ಬರೀ ಹೊರೆ. ಸ್ಪೇಸ್‌ಎಕ್ಸ್‌ನ ದೈತ್ಯ ರಾಕೆಟ್ ಸ್ಟಾರ್‌ಶಿಪ್‌ನ ಬೂಸ್ಟರಿಗೆ ಕಾಲೇ ಇಟ್ಟಿಲ್ಲ. ಆ ಭಾರವನ್ನು ನೆಲದ ಮೇಲಿನ ಗೋಪುರಕ್ಕೆ ವರ್ಗಾಯಿಸಿದ್ದಾರೆ. 2024ರ ಅಕ್ಟೋಬರ್ 13ರಂದು ಅದು ಉಡಾವಣಾ ಗೋಪುರದ ಪಕ್ಕಕ್ಕೇ ಇಳಿದು ಬಂತು. ಗೋಪುರದ ಎರಡು ತೋಳುಗಳು ಹತ್ತಿರವಾದವು. ಜಾಲರಿ ರೆಕ್ಕೆಗಳ ಕೆಳಗಿದ್ದ ಎರಡು ಗೂಟಗಳು ತೋಳಿನ ಮೇಲೆ ಕೂತವು, ಬೂಸ್ಟರ್ ಅಲ್ಲೇ ನೇತಾಡಿತು.