ಮುಟ್ಟಿ ನೋಡುವ ಕೆಲಸ ನನ್ನದು: ಉಪಕೇಂದ್ರದಿಂದ ಟೆಲಿ ಸಮಾಲೋಚನೆ ನಡೆಸಿದ ಅನುಭವ

ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಆರೋಗ್ಯ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ಓದಿದ್ದು ಬಿ.ಎಸ್‌ಸಿ. ನರ್ಸಿಂಗ್, ಹುದ್ದೆಯ ಹೆಸರು ಎಷ್ಟೇ ಉದ್ದವಿದ್ದರೂ ಊರಿನವರಿಗೆ ನಾನು ಸಿಸ್ಟರ್. ದೂರವೈದ್ಯಕೀಯದ ಬಗ್ಗೆ ನಾನು ಓದಿರುವ ಬರಹಗಳಲ್ಲಿ ಹೆಚ್ಚಿನವು ನಗರದ ಆಸ್ಪತ್ರೆಯಲ್ಲಿ ಕುಳಿತ ವೈದ್ಯರ ಕಡೆಯಿಂದ ಬರೆದವು. ರೋಗಿಯ ಪಕ್ಕದಲ್ಲಿ ಕುಳಿತವರ ಕಡೆಯಿಂದ ಬರೆದದ್ದು ಕಡಿಮೆ. ವೈದ್ಯರು ಎಷ್ಟೇ ಅನುಭವಿಗಳಾಗಿದ್ದರೂ ಅವರಿಗೆ ಕಾಣುವುದು ನಾನು ಕ್ಯಾಮೆರಾದ ಮುಂದೆ ಹಿಡಿದದ್ದು ಮಾತ್ರ, ತಿಳಿಯುವುದು ನಾನು ಮುಟ್ಟಿ, ಅಳೆದು, ಕೇಳಿ ಹೇಳಿದ್ದು ಮಾತ್ರ. ಆದ್ದರಿಂದ ಈ ವ್ಯವಸ್ಥೆಯ ಬಹುಪಾಲು ಗುಣದೋಷಗಳು ಕರೆ ಸೇರುವ ಮೊದಲೇ ಈ ಕೋಣೆಯಲ್ಲಿ ನಿರ್ಧಾರವಾಗಿಬಿಟ್ಟಿರುತ್ತವೆ ಎಂಬುದು ನನ್ನ ಅಭಿಪ್ರಾಯ.

ನಾವು ಬಳಸುವುದು ಇ-ಸಂಜೀವಿನಿ ಎಂಬ ಸರ್ಕಾರಿ ಟೆಲಿ ಸಮಾಲೋಚನೆ ವ್ಯವಸ್ಥೆ. ಮೊಹಾಲಿಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ರೂಪಿಸಿದ ಇದು 2019ರ ನವೆಂಬರ್‌ನಲ್ಲಿ ಉಪಕೇಂದ್ರಗಳಿಗಾಗಿ ಆರಂಭವಾಯಿತು. ರೋಗಿಗಳು ಮನೆಯಿಂದಲೇ ಬಳಸುವ ಓಪಿಡಿ ಭಾಗ ಲಾಕ್‌ಡೌನ್ ನಡುವೆ 2020ರ ಏಪ್ರಿಲ್‌ನಲ್ಲಿ ಸೇರಿತು. ಕರ್ನಾಟಕಕ್ಕೆ ಇದು ತೀರಾ ಹೊಸದೇನಲ್ಲ. ಈ ಶತಮಾನದ ಆರಂಭದಲ್ಲಿಯೇ ಇಸ್ರೊ ತನ್ನ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಬೆಸೆದಿತ್ತು. ಅಂದು ಉಪಗ್ರಹ ಬೇಕಾಗಿದ್ದ ಕೆಲಸಕ್ಕೆ ಇಂದು ಒಂದು ಟ್ಯಾಬ್ ಸಾಕು, ಟವರ್ ಜೀವಂತವಾಗಿದ್ದರೆ.

ಲಾಭ ಅತ್ಯಂತ ಸ್ಪಷ್ಟವಾಗಿ ಕಾಣುವುದು ಬಿಪಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ. ನಮ್ಮ ಕಡೆಯ ಒಂಟಿ ಮನೆಗಳಿಂದ ತಾಲ್ಲೂಕು ಆಸ್ಪತ್ರೆಗೆ ಹೋಗುವುದೆಂದರೆ ಬೆಳಗಿನ ಬಸ್ಸು, ಸಾಲು, ಮಧ್ಯಾಹ್ನದ ಹೋಟೆಲ್ ಊಟ, ಸಂಜೆಯ ಬಸ್ಸು, ಜೊತೆಗೆ ಒಬ್ಬರ ಕೂಲಿ ನಷ್ಟ. ಜೊತೆಗೆ ಬರುವವರಿದ್ದರೆ ಇಬ್ಬರದ್ದು. ಅಷ್ಟೆಲ್ಲ ಮಾಡಿ ಅವರು ಪಡೆಯುವುದು ಹಳೆಯ ಮಾತ್ರೆಯನ್ನೇ ಮುಂದುವರಿಸಿ ಎಂಬ ಒಂದು ಸಾಲಾದರೆ ಮುಂದಿನ ತಿಂಗಳು ಅವರು ಹೋಗುವುದಿಲ್ಲ, ಮಾತ್ರೆಯೂ ನಿಲ್ಲುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಕಾಲು ಊದುತ್ತಿದೆ ಎಂದು ಬಂದರು. ಕರೆ ಮಾಡುವ ಮೊದಲು ಅವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ ಎರಡು ಬಾರಿ ಬಿಪಿ ನೋಡಿದೆ, ತೂಕ ನೋಡಿದೆ, ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪಟ್ಟಿ ಅದ್ದಿ ನೋಡಿದೆ. ವೈದ್ಯರು ಪರದೆಗೆ ಬಂದ ಮೇಲೆ ಟ್ಯಾಬನ್ನು ಸ್ಟೂಲಿನ ಮೇಲೆ ತಗ್ಗಿಸಿಟ್ಟು, ಕಣಕಾಲಿನ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟೆ. ಗುಂಡಿ ಬಿದ್ದದ್ದನ್ನೂ ಅದು ನಿಧಾನವಾಗಿ ತುಂಬಿಕೊಂಡದ್ದನ್ನೂ ಅವರು ನೋಡಿದರು. ಮಲಗಿದಾಗ ಉಸಿರು ಕಟ್ಟುತ್ತದೆಯೇ, ಎಷ್ಟು ದಿಂಬು ಬೇಕು, ಮುಖ ಬೆಳಿಗ್ಗೆ ಊದುತ್ತದೆಯೇ ಎಂದು ಕೇಳಿದರು. ಹೃದಯ, ಮೂತ್ರಪಿಂಡಗಳ ಲಕ್ಷಣ ಯಾವುದೂ ಕಾಣದಿದ್ದುದರಿಂದ ಇದು ಮಾತ್ರೆಯಿಂದಲೇ ಬಂದಿರುವ ಊತವಿರಬೇಕೆಂದು ಹೇಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಅದರ ಫಲಿತಾಂಶ ನೋಡಿಕೊಂಡು ಟೆಲ್ಮಿಸಾರ್ಟನ್ ಎಂಬ ಬೇರೆ ಬಿಪಿ ಮಾತ್ರೆಗೆ ಬದಲಿಸುವುದೆಂದು ತೀರ್ಮಾನಿಸಿದರು. ಆ ಒತ್ತಿದ ಗುಂಡಿ, ಮೂತ್ರದ ಪಟ್ಟಿ ಇಲ್ಲದೆ ನಾನು ಬರೀ "ಕಾಲು ಊತ" ಎಂದು ಟೈಪ್ ಮಾಡಿ ಕರೆ ಒತ್ತಿದ್ದರೆ ವೈದ್ಯರಿಗೆ ತಾಲ್ಲೂಕಿಗೆ ಕಳಿಸಿ ಎನ್ನುವುದಲ್ಲದೆ ಬೇರೆ ದಾರಿ ಇರುತ್ತಿರಲಿಲ್ಲ.

ಮಗುವಿನ ಕೆಮ್ಮಿನಲ್ಲಿಯೂ ಹೀಗೆಯೇ. ಅಂಗಿ ಎತ್ತಿ ಎದೆಯ ಕೆಳಭಾಗ ಒಳಗೆ ಸೆಳೆಯುತ್ತಿದೆಯೇ ಎಂಬುದನ್ನು ಕ್ಯಾಮೆರಾಕ್ಕೆ ತೋರಿಸಬಹುದು, ಆದರೆ ಉಸಿರಿನ ಎಣಿಕೆಯನ್ನು ವಿಡಿಯೊಗೆ ಬಿಡಬಾರದು. ಚಿತ್ರ ಅರೆಕ್ಷಣ ನಿಂತು ಮತ್ತೆ ಓಡುತ್ತದೆ. ಅಷ್ಟರಲ್ಲಿ ನಾಲ್ಕಾರು ಉಸಿರು ಕಳೆದುಹೋಗಿರುತ್ತದೆ. ಎರಡು ತಿಂಗಳು ತುಂಬಿದ, ವರ್ಷ ತುಂಬದ ಕೂಸಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರಿಗೆ 40 ಎಂಬ ಗಡಿಯನ್ನು ಇಟ್ಟುಕೊಂಡು ನಾವು ನ್ಯುಮೋನಿಯಾ ಗುರುತಿಸುವುದರಿಂದ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ನಾನೇ ಎಣಿಸಿ ಸಂಖ್ಯೆಯನ್ನು ಬರೆದಿಡುತ್ತೇನೆ.

ಚರ್ಮದ ತೊಂದರೆಗಳು ಟೆಲಿ ಸಮಾಲೋಚನೆಗೆ ಹೇಳಿ ಮಾಡಿಸಿದಂತಿವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅದು ಅರ್ಧ ನಿಜ. ಟ್ಯೂಬ್‌ಲೈಟಿನ ಕೆಳಗೆ ಕೆಂಪು ಕಲೆ ಕಂದಾಗಿ ಕಾಣುತ್ತದೆ, ಕೆಲವು ಫೋನುಗಳಂತೂ ಹೇಳದೆ ಕೇಳದೆ ಚರ್ಮವನ್ನು ನುಣ್ಣಗೆ ಮಾಡಿಬಿಡುತ್ತವೆ. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಎರಡು ಫೋಟೊ ತೆಗೆದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಮೊದಲೇ ಲಗತ್ತಿಸುತ್ತೇನೆ. ಹುಳುಕಡ್ಡಿ ಎಂದು ಬರುವವರಿಗೆ ಮೆಡಿಕಲ್ ಶಾಪಿನಿಂದ ತಂದು ಹಚ್ಚಿದ ಟ್ಯೂಬನ್ನು ತಂದು ತೋರಿಸಿ ಎನ್ನುತ್ತೇನೆ, ಏಕೆಂದರೆ ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಕಲೆಯ ರೂಪವೇ ಬದಲಾಗಿರುತ್ತದೆ. ಆದರೆ ತಿಳಿಬಣ್ಣದ ಮಚ್ಚೆಯಿದ್ದು ಅಲ್ಲಿ ಸ್ಪರ್ಶ ತಿಳಿಯುತ್ತದೆಯೇ ಎಂಬುದನ್ನು ಯಾವ ಕ್ಯಾಮೆರಾವೂ ಹೇಳುವುದಿಲ್ಲ. ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಮುಟ್ಟಿ ನೋಡಿ, ತಿಳಿಯದಿದ್ದರೆ ಕುಷ್ಠರೋಗದ ತಪಾಸಣೆಗೆಂದು ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತೇನೆ.

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗುವುದು ಜ್ವರದಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ನಮ್ಮನ್ನು ಕಾಡುತ್ತದೆ. ಆ ತಿಂಗಳುಗಳಲ್ಲಿ ಜನ ಕೊಟ್ಟಿಗೆಗೆ ದರಗು, ಅಂದರೆ ಒಣ ಎಲೆ ತರಲು, ಸೌದೆಗೆ ಕಾಡಿಗೆ ಹೋಗುತ್ತಾರೆ, ಈ ಕಾಯಿಲೆ ಹರಡುವ ಉಣುಗು ಕಚ್ಚುತ್ತದೆ. ಕರೆಗೆ ಸಿಗುವ ವೈದ್ಯರು ಬಯಲುಸೀಮೆಯವರಾಗಿರಬಹುದು, ಈ ರೋಗವನ್ನು ಪುಸ್ತಕದಲ್ಲಷ್ಟೇ ಕಂಡವರಾಗಿರಬಹುದು. ಜ್ವರ, ತಲೆನೋವು, ಮೈಕೈ ನೋವು ಎಂದರೆ ಅವರಿಗೆ ಸಾಧಾರಣ ವೈರಲ್ ಜ್ವರ ಎನಿಸುವುದರಲ್ಲಿ ತಪ್ಪೇನಿಲ್ಲ. ಹಾಗಾಗಿ ಮುಖ್ಯ ದೂರು ಬರೆಯುವ ಜಾಗದಲ್ಲಿ ಮೊದಲ ಸಾಲೇ ಹೀಗಿರುತ್ತದೆ: ಮಂಗನ ಕಾಯಿಲೆಯ ಪ್ರದೇಶ, ಕಾಡಿಗೆ ಹೋಗಿದ್ದಾರೆ ಅಥವಾ ಇಲ್ಲ, ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆ ಅಥವಾ ಇಲ್ಲ. ಕಣ್ಣು ಕೆಂಪಾಗಿದೆಯೇ, ವಸಡಿನಲ್ಲಿ ರಕ್ತವಿದೆಯೇ ಎಂದು ಟಾರ್ಚ್ ಹಿಡಿದು ತೋರಿಸುತ್ತೇನೆ. ಈ ಮಾಹಿತಿ ಸಿಕ್ಕ ವೈದ್ಯರು ರಕ್ತಸ್ರಾವದ ಅಪಾಯವಿರುವ ನೋವಿನ ಮಾತ್ರೆಗಳನ್ನು ಬಿಟ್ಟು ಪ್ಯಾರಾಸಿಟಮಾಲ್ ಮಾತ್ರ ಬರೆಯುತ್ತಾರೆ, ರಕ್ತದ ಮಾದರಿಯನ್ನು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸಲು ಹೇಳುತ್ತಾರೆ.

ಇನ್ನು ಕೆಲವನ್ನು ನಾನು ಪರದೆಯ ಮುಂದೆ ತರುವುದೇ ಇಲ್ಲ. ಎದೆನೋವು, ಒಂದು ಪಕ್ಕದ ಬಲಹೀನತೆ, ಹಾವು ಕಡಿತ, ಗರ್ಭಿಣಿಯ ರಕ್ತಸ್ರಾವ ಎಂದರೆ ಮೊದಲು 108, ಆಮೇಲೆ ಮಾತು. ಹೊಟ್ಟೆನೋವು ಮಾತ್ರ ಕಷ್ಟದ ಪ್ರಶ್ನೆ. ಬಲಗಡೆ ಕೆಳಗೆ ಒತ್ತಿದಾಗಿನ ಬಿಗಿತವನ್ನು ನನ್ನ ಕೈ ಗುರುತಿಸಬಲ್ಲದು, ಆದರೆ ಅದರ ಅರ್ಥ ನಿರ್ಧರಿಸುವಷ್ಟು ಪಳಗಿದ ಕೈ ಅದಲ್ಲ. ಅನುಮಾನವಿದ್ದರೆ ಕಳಿಸುವುದೇ ಸರಿ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಆರೋಗ್ಯ ಕಾರ್ಯಕರ್ತರ ಮೂಲಕ ನಡೆಯುವ ಸಮಾಲೋಚನೆಗೆ ಅವಕಾಶ ನೀಡುತ್ತಲೇ, ಪರದೆ ಸಾಕೋ ನೇರ ತಪಾಸಣೆ ಬೇಕೋ ಎಂಬ ನಿರ್ಧಾರವನ್ನು ವೈದ್ಯರ ವಿವೇಚನೆಗೇ ಬಿಟ್ಟಿದೆ.

ಅದೇ ಮಾರ್ಗಸೂಚಿ ಕೆಲವು ಔಷಧಗಳನ್ನು ದೂರದಿಂದ ಬರೆಯುವುದನ್ನು ನಿಷೇಧಿಸಿದೆ. ವರ್ಷಗಳಿಂದ ಆಲ್ಪ್ರಜೋಲಾಂ ನುಂಗಿ ಮಲಗುತ್ತಿರುವವರು "ಚೀಟಿ ಇದೆಯಲ್ಲ ಸಿಸ್ಟರ್, ಮತ್ತೆ ಬರೆಸಿಕೊಡಿ" ಎಂದಾಗ ಇದು ನನ್ನ ಹಟವಲ್ಲ, ಕಾನೂನು ಎಂದು ತಿಳಿಹೇಳುವುದರಲ್ಲಿಯೇ ಹೊತ್ತು ಹೋಗುತ್ತದೆ. ಇನ್ನೊಂದು ನಿತ್ಯದ ಗೊಂದಲವೆಂದರೆ ಉಪಕೇಂದ್ರದ ದಾಸ್ತಾನಿನಲ್ಲಿಲ್ಲದ ಮಾತ್ರೆ ಬರೆದು ಬರುವುದು. ದಾಸ್ತಾನಿನ ಪಟ್ಟಿಯನ್ನು ಮೇಜಿನ ಮೇಲೆ ಅಂಟಿಸಿಕೊಂಡಿದ್ದೇನೆ. ವೈದ್ಯರು ಬರೆಯುವ ಮೊದಲೇ ಓದಿ ಹೇಳುತ್ತೇನೆ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ.

ಮಳೆಗಾಲದ ಕಥೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕರೆಂಟ್ ಹೋದರೆ ಟವರಿನ ಬ್ಯಾಟರಿ ಇರುವವರೆಗೆ ನೆಟ್‌ವರ್ಕ್, ಆಮೇಲೆ ಅದೂ ಇಲ್ಲ. ವೈದ್ಯರ ಮುಖ ನನಗೆ ಚೆನ್ನಾಗಿ ಕಾಣುತ್ತಿದ್ದರೂ ನಮ್ಮ ಕಡೆಯಿಂದ ಹೋಗುವ ಚಿತ್ರ ಅವರಿಗೆ ಮಸುಕಾಗಿರುವುದುಂಟು. ಅಂಥ ದಿನ ವಿವರವನ್ನೆಲ್ಲ ಮೊದಲೇ ಟೈಪ್ ಮಾಡಿ, ಫೋಟೊ ಏರಿಸಿ, ವಿಡಿಯೊ ನಿಂತರೆ ಧ್ವನಿಯಲ್ಲಿ ಮುಗಿಸುವಂತೆ ಸಿದ್ಧತೆ ಮಾಡಿಕೊಂಡಿರುತ್ತೇನೆ.

ಯಂತ್ರಕ್ಕಿಂತ ಹೆಚ್ಚಿನ ತೊಡಕು ಗುರಿಯ ಲೆಕ್ಕ. ಎಷ್ಟು ಕರೆ ಆಯಿತು ಎಂಬುದನ್ನು ಮೇಲಿನವರು ಕೇಳುತ್ತಾರೆ, ಯಾವ ಕರೆಯಿಂದ ಏನಾಯಿತು ಎಂಬುದನ್ನು ಕೇಳುವವರು ವಿರಳ. ಎಣಿಕೆಗಾಗಿ ನೆಗಡಿಯವರನ್ನೆಲ್ಲ ಪರದೆಯ ಮುಂದೆ ಕೂರಿಸಿದರೆ ಆ ಕಡೆಯ ಸಾಲು ಉದ್ದವಾಗಿ, ನಿಜವಾಗಿ ಬೇಕಾದವರು ಕಾಯಬೇಕಾಗುತ್ತದೆ. ನಾನು ಬಿಪಿ, ಸಕ್ಕರೆ, ಥೈರಾಯ್ಡ್‌ನವರಿಗೆ ವಾರದ ನಿಗದಿತ ದಿನಗಳನ್ನು ಹಂಚಿಕೊಟ್ಟಿದ್ದೇನೆ. ಎಣಿಕೆಯೂ ತುಂಬುತ್ತದೆ, ಕೆಲಸಕ್ಕೂ ಬರುತ್ತದೆ. ಆ ದಿನ ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಮಾತ್ರೆಯ ಖಾಲಿ ಸ್ಟ್ರಿಪ್ ನೋಡಿ ಬರುತ್ತಾರೆ.

ಇನ್ನೂ ಪರಿಹಾರ ಕಾಣದಿರುವುದು ಗುಟ್ಟಿನ ಮಾತಿಗೆ. ನಮ್ಮ ಕೇಂದ್ರದಲ್ಲಿ ಇರುವುದು ಒಂದೇ ಕೋಣೆ, ಸ್ಪೀಕರಿನ ಧ್ವನಿ ಜಗಲಿಯಲ್ಲಿ ಕುಳಿತವರಿಗೂ ಕೇಳುತ್ತದೆ. ಹೆರಿಗೆಯಾಗಿ ಎರಡು ತಿಂಗಳಾದ ಸೊಸೆ, ಅತ್ತೆ ಪಕ್ಕದಲ್ಲಿ ನಿಂತಿರುವಾಗ ತನಗೆ ಅಳು ಬರುತ್ತದೆ, ನಿದ್ದೆ ಬರುವುದಿಲ್ಲ ಎಂದು ಹೇಗೆ ಹೇಳಿಯಾಳು? ಇಯರ್‌ಫೋನ್ ಕೊಡುತ್ತೇನೆ, ಅತ್ತೆಯವರನ್ನು ಮಗುವಿನ ತೂಕದ ನೆಪದಲ್ಲಿ ಹೊರಗೆ ಕರೆದೊಯ್ಯುತ್ತೇನೆ. ಅಷ್ಟಕ್ಕೂ ಆಗದಿದ್ದರೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಡುತ್ತೇನೆ. ಅದಕ್ಕೂ ಅವಳ ಕೈಯಲ್ಲಿ ಅವಳದೇ ಆದ ಫೋನ್ ಇರಬೇಕು. ನಮ್ಮ ಊರಿನ ಹಲವು ಮನೆಗಳಲ್ಲಿ ಅದು ಗಂಡನ ಜೇಬಿನಲ್ಲಿರುತ್ತದೆ, ಹಾಗಿರುವಲ್ಲಿ ಚುಚ್ಚುಮದ್ದಿನ ದಿನ ಅವಳನ್ನು ಕೊನೆಗೆ ಕರೆದು ನನ್ನ ಫೋನಿನಿಂದಲೇ ಮಾತನಾಡಿಸುತ್ತೇನೆ.